ತೂಬಿನವರು: ನನ್ನ ಆಟದ ಲೋಕದಲ್ಲಿ ಗಿಡ್ಡ ಜನ ನೆಲೆ ನಿಂತ ಬಗೆ

ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ಪಾತ್ರಗಳಾಗಿ ಕಥೆ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟವನ್ನು ನಡೆಸುವವನು ನಾನು. ಮೂರು ಕ್ಯಾಂಪೇನ್‌ಗಳಲ್ಲಿ, ಅಂದರೆ ವಾರವಾರ ಮುಂದುವರಿಯುವ ಕಥೆಗಳಲ್ಲಿ, ಮೂರು ಸಲ ಹಾಫ್‌ಲಿಂಗ್‌ಗಳೆಂಬ ಗಿಡ್ಡ ಜನರ ಊರು ಕಟ್ಟಿದೆ, ಮೂರು ಸಲವೂ ಅದು ಪಾಳು ಬಿತ್ತು. ನಾಲ್ಕನೆಯ ಸಲವೂ ಕಟ್ಟುತ್ತೇನೆಂದಾಗ ನಮ್ಮ ಮೇಜಿನ ಐವರಲ್ಲಿ ನಾಲ್ವರು ನಕ್ಕರು. ಐದನೆಯವನಾದ ಇಂಜಿನಿಯರಿಂಗ್ ಓದುವ ಹುಡುಗ ಮಾತ್ರ ನಗದೆ, "ಅಣ್ಣಾ, ಇವರು ಕಥಿಯೊಳಗ ಇಲ್ಲದಿದ್ರೂ ನಡೀತದಲ್ಲ, ಮತ್ತ್ಯಾಕ ಬೇಕು?" ಎಂದು ಕೇಳಿದ. ಆಗ ನನ್ನ ಬಳಿ ಉತ್ತರವಿರಲಿಲ್ಲ. ಈಗ ಹದಿನಾಲ್ಕು ತಿಂಗಳು, ಸುಮಾರು ಮೂವತ್ತು ಭಾನುವಾರಗಳ ಆಟದ ಬಳಿಕ ಅದೇ ಹುಡುಗ ಹಾಫ್‌ಲಿಂಗ್ ಪಾತ್ರವನ್ನೇ ಆಡುತ್ತಿರುವುದರಿಂದ, ನಾನು ಮಾಡಿದ್ದನ್ನು ಬರೆದಿಡಲು ಸ್ವಲ್ಪ ಹಕ್ಕು ಬಂದಿದೆಯೆಂದು ಭಾವಿಸಿದ್ದೇನೆ.

ಸೋತದ್ದನ್ನು ಮೊದಲು ಹೇಳಬೇಕು. ಮೊದಲನೆಯದು ಎಲ್ಲರೂ ಮಾಡುವ ತಪ್ಪೇ: ಬೆಟ್ಟಗಳ ನಡುವೆ ಬಚ್ಚಿಟ್ಟ ಹಸಿರು ಕಣಿವೆ, ದುಂಡು ಬಾಗಿಲು, ಸದಾ ಊಟ, ಹೊರಗಿನವರ ಸುಳಿವೇ ಇಲ್ಲ. ಆಟಗಾರರು ಎರಡು ವಾರ ಅಲ್ಲಿ ಉಂಡು, ಮಲಗಿ, ಗಾಯ ಮಾಯಿಸಿಕೊಂಡು ಹೊರಟವರು ಮತ್ತೆ ಆ ದಾರಿ ಹಿಡಿಯಲಿಲ್ಲ. ಆ ಕಣಿವೆಯ ನಕ್ಷೆಯನ್ನು ಫ್ಲೆಕ್ಸ್ ಅಂಗಡಿಯಲ್ಲಿ ಮೂರಡಿ ಅಗಲಕ್ಕೆ ಮುದ್ರಿಸಲು ಕೊಟ್ಟ 350 ರೂಪಾಯಿ ನೀರುಪಾಲಾಯಿತು. ಆ ಫ್ಲೆಕ್ಸ್ ಈಗ ನಮ್ಮ ಸ್ಕೂಟರಿನ ಹೊದಿಕೆ. ಎರಡನೆಯ ಸಲ ಅವರನ್ನು ಪಟ್ಟಣದ ಕಿಸೆಗಳ್ಳರ ಕೂಟವಾಗಿಸಿದೆ. ಹಾಫ್‌ಲಿಂಗ್ ಆಡುತ್ತಿದ್ದ ಗೆಳೆಯರು ಜೊತೆಗಾರರ ಚೀಲಕ್ಕೇ ಕೈ ಹಾಕತೊಡಗಿ, ತಮಾಷೆಯಾಗಿ ಶುರುವಾದದ್ದು ಜಗಳವಾಗಿ, ಮೇಜು ಎರಡು ತಿಂಗಳು ಮುಚ್ಚಿತು. ಮೂರನೆಯ ಸಲ ಹದಿನಾಲ್ಕು ಪುಟದ ವಂಶಾವಳಿ ಬರೆದು ಜೆರಾಕ್ಸ್ ಮಾಡಿಸಿ ಹಂಚಿದೆ. ಯಾರೂ ಓದಲಿಲ್ಲ, ಒಬ್ಬರು ಅದರ ಹಿಂಬದಿಯಲ್ಲಿ ಕಿರಾಣಿ ಪಟ್ಟಿ ಬರೆದಿದ್ದರು.

ಈ ಆಟಕ್ಕೆಂದೇ ಪ್ರಕಟವಾದ ಸಿದ್ಧ ಲೋಕಗಳಲ್ಲಿ ಈ ಜನ ಗಟ್ಟಿಯಾಗಿ ನಿಂತದ್ದು ಎಲ್ಲೆಲ್ಲಿ ಎಂದು ಆ ಬಳಿಕ ಹುಡುಕಿದೆ. 1991ರ ಡಾರ್ಕ್ ಸನ್‌ನಲ್ಲಿ ಅವರು ಕಾಡಿನ ನರಭಕ್ಷಕರು, 2004ರ ಎಬೆರಾನ್‌ನಲ್ಲಿ ಬಯಲಿನ ಡೈನೋಸಾರ್ ಸವಾರರು. ಎರಡೂ ಕಡೆ ಅವರ ಕಾಲ ಕೆಳಗೆ ಅವರದೇ ನೆಲವಿದೆ, ಆ ನೆಲಕ್ಕೆ ಬೇರೆಯವರು ಹೆದರಲೇಬೇಕು. ಆದರೆ ಎರಡನ್ನೂ ಎತ್ತಿ ತಂದರೆ ಅದು ಬೇರೊಬ್ಬರ ನೆಲವೇ ಆಗುತ್ತಿತ್ತು. ನನಗೆ ಬೇಕಿದ್ದದ್ದು ದೊಡ್ಡವರ ಊರಿನ ಒಳಗೇ ಇದ್ದು, ಕಿತ್ತರೆ ಊರೇ ಕುಸಿಯುವಂಥ ಜಾಗ.

ಗಂಗಾವತಿಯಲ್ಲಿದ್ದವನಿಗೆ ಗಿಡ್ಡ ಜನರೆಂದೊಡನೆ ನೆನಪಾಗುವುದು ಹಿರೇಬೆಣಕಲ್ಲಿನ ಮೋರೇರ ಗುಡ್ಡ. ಅಲ್ಲಿನ ನಾಲ್ಕು ನೂರರಷ್ಟು ಬೃಹತ್ ಶಿಲಾ ಸಮಾಧಿಗಳು ಕ್ರಿ.ಪೂ. 800ರಿಂದ 200ರ ನಡುವಿನವೆಂದು ಪುರಾತತ್ವದವರು ಹೇಳಿದರೂ, ಸುತ್ತಲಿನ ಊರಿನವರಿಗೆ ಅವು ಮೋರೇರೆಂಬ ಗಿಡ್ಡ ಜನ ಕಟ್ಟಿಕೊಂಡ ಮನೆಗಳು. ನಾಲ್ಕು ಚಪ್ಪಡಿಗಳ ನಡುವೆ ಕುಳಿತು, ಮುಂದಿನ ಚಪ್ಪಡಿಯ ದುಂಡು ಕಿಂಡಿಯಿಂದ ಹೊರಗೆ ನೋಡಿದವರಿಗೆ ಆ ನಂಬಿಕೆ ಹೇಗೆ ಹುಟ್ಟಿತೆಂದು ಬಿಡಿಸಿ ಹೇಳಬೇಕಿಲ್ಲ. ನಾನು ನೇರವಾಗಿ ಅಲ್ಲಿಯೇ ನನ್ನ ಜನರನ್ನು ಇಳಿಸಿದೆ, ಅದೂ ಕೈಕೊಟ್ಟಿತು. ಅದೇ ಕಡೆಯ ಹಳ್ಳಿಯವರಾದ ಮೆಡಿಕಲ್ ರೆಪ್ ಗೆಳೆಯರು, "ಗೋರಿಯೊಳಗ ಅಡಿಗಿ ಮಾಡಸ್ತೀರೇನ್ರಿ?" ಎಂದು ಒಂದೇ ಮಾತಿನಲ್ಲಿ ಕೆಡವಿದರು. ಆ ಗುಡ್ಡದಿಂದ ನಾನು ಉಳಿಸಿಕೊಂಡದ್ದು ನಗಾರಿ ಬಂಡೆಯೊಂದನ್ನೇ. ದೊಡ್ಡ ಬಂಡೆಯ ನೆತ್ತಿಯ ಮೇಲೆ ಕೂತಿರುವ ಅರೆಗೋಳದ ಆ ಕಲ್ಲನ್ನು ಬಡಿದರೆ ಸದ್ದು ದೂರದವರೆಗೆ ಕೇಳುತ್ತದೆ. ಅದು ಮುಂದೆ ಉಪಯೋಗಕ್ಕೆ ಬಂತು.

ದಾರಿ ಹೊಳೆದದ್ದು ಗಿರಣಿಯಲ್ಲಿ. ನಾನು ಅಕ್ಕಿ ಗಿರಣಿಯ ಲೆಕ್ಕ ಬರೆಯುವವನು. ಒಮ್ಮೆ ಭತ್ತ ತಂದ ಹಿರಿಯ ರೈತರೊಬ್ಬರು, ಹಿಂದೆ ಬಡಿಗೇರ, ಕಮ್ಮಾರ, ತಳವಾರ ಮುಂತಾದ ಆಯಗಾರರಿಗೆಲ್ಲ ಕಣದಲ್ಲಿಯೇ ಆಯ, ಅಂದರೆ ಕೆಲಸಕ್ಕೆ ಪ್ರತಿಯಾಗಿ ಬೆಳೆಯ ಪಾಲು, ಅಳೆದು ಕೊಟ್ಟ ಮೇಲೆ ಉಳಿದದ್ದು ಮನೆಗೆ ಬರುತ್ತಿತ್ತೆಂದು ಹೇಳುತ್ತಿದ್ದರು. ಕೆರೆಯ ನೀರು ಹಂಚುವ ನೀರಗಂಟಿಗೂ ಅದರಲ್ಲಿ ಪಾಲಿತ್ತು. ಹಣವಿಲ್ಲದ ಲೋಕದಲ್ಲಿ ಒಂದು ಸಣ್ಣ ಜನವರ್ಗ ದೊಡ್ಡ ಊರಿನೊಳಗೆ ಬದುಕುವ ವ್ಯವಸ್ಥೆ ಕೈಗೆ ಸಿದ್ಧವಾಗಿ ಬಂದಂತಾಯಿತು. ಕೆರೆಯ ಏರಿಯ ಅಡಿಯಲ್ಲಿ ಹಾಯುವ ಕಲ್ಲಿನ ತೂಬಿನ ಕೊಳವೆಗೆ ಆಳು ಇಳಿದು ಹೂಳು ತೆಗೆಯಬೇಕು; ಎರಡಡಿ ಎತ್ತರದ ಆ ಇಕ್ಕಟ್ಟಾದ ಕೊಳವೆಯಲ್ಲಿ ಆರಡಿಯವನು ಸಿಕ್ಕಿಬೀಳುತ್ತಾನೆ, ಮೂರಡಿಯವನು ಬಗ್ಗಿ ನಡೆಯುತ್ತಾನೆ. ಹೀಗೆ ನನ್ನ ಹಾಫ್‌ಲಿಂಗ್‌ಗಳು "ತೂಬಿನವರು" ಆದರು. ನೀರು ಬಿಡುವ ಮುನ್ನ ಅವರು ನಗಾರಿ ಕಲ್ಲು ಬಡಿಯುತ್ತಾರೆ. ಬಡಿತದ ಎಣಿಕೆ ಯಾವ ಗದ್ದೆಗೆ ನೀರೆಂದು ಹೇಳುತ್ತದೆ, ಆ ಎಣಿಕೆಯ ಗುಟ್ಟು ಅವರಿಗೆ ಮಾತ್ರ ಗೊತ್ತು.

ಇನ್ನು ಎಷ್ಟು ಜನ? ಇಲ್ಲಿ ನನ್ನ ವೃತ್ತಿಬುದ್ಧಿ ಕೆಲಸ ಮಾಡಿತೆಂದು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಆಟದ ನಿಯಮಗಳ 2014ರ ಐದನೆಯ ಆವೃತ್ತಿಯಲ್ಲಿ ಹಾಫ್‌ಲಿಂಗ್‌ಗೆ ಸುಮಾರು 3 ಅಡಿ ಎತ್ತರ, 40 ಪೌಂಡ್, ಅಂದರೆ 18 ಕಿಲೋ ತೂಕ. ತೂಕ ಮನುಷ್ಯನದರ ಮೂರರಲ್ಲೊಂದು ಪಾಲಿಗಿಂತ ಕಡಿಮೆಯಾದರೂ ಊಟ ಅಷ್ಟು ಇಳಿಯುವುದಿಲ್ಲ, ಸಣ್ಣ ದೇಹ ಕಿಲೋಗೆ ಹೆಚ್ಚು ಉರಿಸುತ್ತದೆ ಎಂದು ನಮ್ಮ ಮೇಜಿನ ವಿಜ್ಞಾನದ ಮೇಷ್ಟ್ರು ತಿದ್ದಿದರು. ಅವರ ಲೆಕ್ಕದಂತೆ 60 ಕಿಲೋದ ಮನುಷ್ಯನ ಊಟದ ನೂರಕ್ಕೆ ನಲವತ್ತು ಭಾಗ ಬೇಕು. ಮನುಷ್ಯನಿಗೆ ವರ್ಷಕ್ಕೆ 180 ಕಿಲೋ ಕಾಳು ಹಿಡಿದರೆ ತೂಬಿನವನಿಗೆ 72 ಕಿಲೋ. ನಮ್ಮ ಗಿರಣಿಗೆ ಬರುವ ಚೀಲ 75 ಕಿಲೋದ್ದು. ತಲೆಗೊಂದು ಚೀಲ! ಈ ಒಂದು ಅಳತೆ ಸಿಕ್ಕಿದ ದಿನ ನನಗೆ ನಿದ್ದೆ ಬರಲಿಲ್ಲ. 120 ತಲೆಗೆ 120 ಚೀಲ, 90 ಕ್ವಿಂಟಲ್. ಹಳೆಯ ಕಾಲದ ಬೆಳೆಯನ್ನು ಎಕರೆಗೆ 3 ಕ್ವಿಂಟಲ್ ಎಂದೂ, ಆಯವನ್ನು ಇಪ್ಪತ್ತರಲ್ಲೊಂದು ಪಾಲೆಂದೂ ಇಟ್ಟರೆ 600 ಎಕರೆ ಅಚ್ಚುಕಟ್ಟಿನ ಒಂದು ಕೆರೆ 120 ಜನರನ್ನು ಸಾಕುತ್ತದೆ. ನಕ್ಷೆಯಲ್ಲಿ ಕೆರೆ ಎಲ್ಲಿದೆಯೋ ಅಲ್ಲಿ ಅವರಿದ್ದಾರೆ, ಇಲ್ಲದಲ್ಲಿ ಇಲ್ಲ. ವಂಶಾವಳಿ ಬೇಕಾಗಲಿಲ್ಲ.

ಮೇಷ್ಟ್ರೇ ಎತ್ತಿದ ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ಹೂಳು ಬಾಚುವ ಕೆಲಸವನ್ನು ಹುಟ್ಟಿನಿಂದಲೇ ಒಂದು ಜನಕ್ಕೆ ಅಂಟಿಸಿ, ಕಣದ ಅಂಚಿನಲ್ಲಿ ಕಾಳು ಸುರಿಯುವುದನ್ನು ನಾವು ಆಟವೆಂದು ಆಡಬೇಕೇ ಎಂದು ಅವರು ಕೇಳಿದರು. ಒಂದು ಭಾನುವಾರ ಪೂರ್ತಿ ದಾಳ ಮುಟ್ಟದೆ ಇದನ್ನೇ ಮಾತಾಡಿದೆವು. ಕೊನೆಗೆ ಎರಡು ಬದಲಾವಣೆ ಮಾಡಿದೆ: ಕರಾರು ಕಲ್ಲಿನ ಮೇಲೆ ಬರೆದದ್ದು, ತಪ್ಪಿದರೆ ನೀರು ನಿಲ್ಲಿಸುವ ಹಕ್ಕು ಅವರಿಗಿದೆ, ಮತ್ತು ಯಾವ ತೂಬಿನವರೂ ಆ ಕೆಲಸ ಬಿಟ್ಟು ಹೋಗಬಹುದು, ಹೋದವರ ಚೀಲ ಹೋಗುತ್ತದೆ, ಮರ್ಯಾದೆ ಹೋಗುವುದಿಲ್ಲ. ಅಷ್ಟರಿಂದ ಪ್ರಶ್ನೆ ಮುಗಿಯಿತೆಂದು ಮೇಷ್ಟ್ರು ಒಪ್ಪಿಲ್ಲ, ನಾನೂ ಒತ್ತಾಯಿಸಿಲ್ಲ.

ಆ ಹಕ್ಕೇ ಒಂಬತ್ತನೆಯ ವಾರ ಆಟವನ್ನು ಎತ್ತಿತು. ಊರ ಗೌಡ ಗೋಪುರದಂತೆ ರಾಶಿ ತುಂಬಿ ಅಳೆಯಬೇಕಾದ ಕೊಳಗವನ್ನು ಕೈಯಿಂದ ಸವರಿ ಮಟ್ಟ ಮಾಡಿ ಅಳೆಸಿದ. ತೂಬಿನವರು ಒಂದು ಮಾತೂ ಆಡದೆ ಎದ್ದು ಹೋದರು, ಮೂರನೆಯ ದಿನ ನಗಾರಿ ಮೊಳಗಲಿಲ್ಲ. ತೆನೆ ಕಟ್ಟುವ ಹೊತ್ತಿನ ಗದ್ದೆ ಬಿರಿಯತೊಡಗಿತು. ನಮ್ಮ ವೀರರು ಖಡ್ಗ ಹಿಡಿದು ತೂಬಿಗೆ ಹೋದರೆ ಒಳಗೆ ತಲೆ ಮಾತ್ರ ತೂರುತ್ತದೆ, ಹೆಗಲು ತೂರುವುದಿಲ್ಲ. ಕೆಸರಿನಲ್ಲಿ ಬೋರಲು ಬಿದ್ದು ಅವರು ಕತ್ತಲಿನೊಂದಿಗೆ ಮಾತಾಡಬೇಕಾಯಿತು. ಒಳಗಿನಿಂದ ಬಂದ ಮುದುಕಿಯ ದನಿಯನ್ನು ನಾನು ಸಣ್ಣಗೆ ಮಾಡಿ ಹೇಳಿದೆ: "ನೀರು ನಿಮ್ಮ ಗೌಡಂದು ಖರೇ ಯಪ್ಪಾ. ತೂಬು ನಮ್ಮದು. ಕೊಳಗ ತುಂಬಿಸಿಕೊಂಡು ಬಾ, ಆಮ್ಯಾಲ ಮಾತು." ಮೇಜಿನಲ್ಲಿ ಯಾರೂ ನಗಲಿಲ್ಲ. ಇವರು ಇಲ್ಲದಿದ್ದರೂ ನಡೆಯುತ್ತದಲ್ಲವೆಂದು ಕೇಳಿದ್ದ ಹುಡುಗ ಮುಂದಿನ ವಾರ ಹೊಸ ಪಾತ್ರದ ಹಾಳೆ ತಂದ.

ಖರ್ಚಿನ ಮಾತು. ನಿಯಮಗಳ ಮೂಲಪಠ್ಯವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಅಡಿ ಮುಕ್ತವಾಗಿ ಬಿಟ್ಟಿರುವುದರಿಂದ ಪುಸ್ತಕಕ್ಕೆ ಕೈಯಿಂದ ಹೋಗಿಲ್ಲ. ಹೋದದ್ದು ಗೊಂಬೆಗಳಿಗೆ. ಪ್ಲಾಸ್ಟಿಕ್ ಬೇಡ, ನಮ್ಮ ಜಿಲ್ಲೆಯದೇ ಕಿನ್ನಾಳದ ಗೊಂಬೆ ಮಾಡಿಸೋಣವೆಂದು ಹೋಗಿ ಒಂದಿಂಚಿನ ಆರು ಗೊಂಬೆ ಕೇಳಿದೆ. ಹಗುರ ಮರದ ಮೇಲೆ ಹುಣಸೆಬೀಜದ ಅಂಟಿನ ಲೇಪ ಬಿದ್ದೊಡನೆ ಆ ಗಾತ್ರದಲ್ಲಿ ಕಣ್ಣು ಮೂಗು ಮುಚ್ಚಿಹೋದವು. ಕಲಾವಿದರು ಮೊದಲೇ ಎಚ್ಚರಿಸಿದ್ದರು, ನಾನೇ ಹಟ ಹಿಡಿದಿದ್ದೆ. ಎರಡಿಂಚಿಗೆ ಹೋದ ಮೇಲೆ ಚೆನ್ನಾಗಿ ಬಂದವು, ಆದರೆ ಮೇಜಿನ ಮೇಲೆ ಗಿಡ್ಡರೇ ದೊಡ್ಡವರಿಗಿಂತ ಎತ್ತರ! ಒಟ್ಟು ಒಂದೂವರೆ ಸಾವಿರದ ಆಸುಪಾಸು ಹೋಯಿತು. ಅವು ಈಗ ಮಗಳ ದಸರಾ ಗೊಂಬೆಗಳ ಸಾಲಿನಲ್ಲಿವೆ, ಮೇಜಿನ ಮೇಲೆ ಹುಣಸೆಬೀಜಗಳೇ ತೂಬಿನವರಾಗಿ ಓಡಾಡುತ್ತಿವೆ.

ಮಳೆ ಕೈಕೊಟ್ಟ ವರ್ಷ ಆಯ ಹೇಗೆ ಇಳಿಯುತ್ತದೆ, ಆಗ ಯಾವ ಮನೆ ಊರು ಬಿಡುತ್ತದೆ ಎಂಬುದಕ್ಕೆ ಎರಡು ದಾಳಗಳ ಒಂದು ಕೋಷ್ಟಕ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬಿಡಿಸುವುದಿಲ್ಲ, ನನ್ನ ಆಟಗಾರರೂ ಇದನ್ನು ಓದುತ್ತಾರೆ. ಆಟದ ಇನ್ನೊಂದು ಗಿಡ್ಡ ಜನವಾದ ನೋಮ್‌ಗಳನ್ನೂ ಇದೇ ರೀತಿ ಕಮ್ಮಾರರ ಆಯಕ್ಕೆ ಕೂರಿಸಲು ಹೋಗಿ ಸೋತಿದ್ದೇನೆ, ಏಕೆಂದರೆ ಕುಲುಮೆಯ ಕೆಲಸವನ್ನು ದೊಡ್ಡವರೂ ಮಾಡಬಲ್ಲರು. ಸದ್ಯಕ್ಕೆ ತೂಬಿನವರ ಚೀಲದ ಲೆಕ್ಕವನ್ನು ಗಿರಣಿಯ ಹಳೆಯ ರಸೀದಿ ಪುಸ್ತಕವೊಂದರಲ್ಲಿ ಆ ಹುಡುಗನೇ ಬರೆದಿಡುತ್ತಿದ್ದಾನೆ. ಹೋದ ವಾರದ ಹೊತ್ತಿಗೆ ಗೌಡನ ಕಡೆಯಿಂದ ಇನ್ನೂ ಹನ್ನೊಂದು ಚೀಲ ಬಾಕಿ ಇತ್ತು.