ದೂರಪ್ರಯಾಣದ ಬೈಕಿಗೆ ಹೆಚ್ಚುವರಿ ಸಾಧನಗಳನ್ನು ಅಳವಡಿಸುವ ಕ್ರಮ

ದೂರದ ಪ್ರಯಾಣಕ್ಕೆಂದು ಬೈಕಿಗೆ ಜೋಡಿಸುವ ಪ್ರತಿಯೊಂದು ಸಾಧನವೂ ಬೈಕಿನಿಂದ ಏನನ್ನಾದರೂ ತೆಗೆದುಕೊಳ್ಳುತ್ತದೆ. ಪೆಟ್ಟಿಗೆಗಳು ಅದು ಹೊರಬಲ್ಲ ಭಾರದಲ್ಲಿ ಪಾಲು ಕೇಳುತ್ತವೆ, ಹೆಚ್ಚುವರಿ ದೀಪಗಳು ಅದು ಉತ್ಪಾದಿಸುವ ವಿದ್ಯುತ್ತಿನಲ್ಲಿ ಪಾಲು ಕೇಳುತ್ತವೆ, ಎತ್ತರಿಸಿದ ಹ್ಯಾಂಡಲ್ ಕೇಬಲುಗಳಿಗೆ ಇದ್ದ ಸಡಿಲವನ್ನು ಕಸಿದುಕೊಳ್ಳುತ್ತದೆ. ಆದ್ದರಿಂದ ಯಾವುದನ್ನು ಕೊಳ್ಳಬೇಕು ಎಂದು ಯೋಚಿಸುವುದಕ್ಕೂ ಮೊದಲು, ಅದಕ್ಕಾಗಿ ಬೈಕು ಏನನ್ನು ಕೊಡಬೇಕಾಗುತ್ತದೆ, ಕೊಡಲು ಅದರ ಬಳಿ ಅಷ್ಟು ಉಳಿದಿದೆಯೇ ಎಂಬ ಲೆಕ್ಕ ಆಗಬೇಕು. ಆ ಲೆಕ್ಕವಿಲ್ಲದೆ ಹಾಕಿದ ಸಾಧನ ಎಷ್ಟೇ ಉತ್ತಮವಾಗಿದ್ದರೂ, ನೂರಾರು ಕಿಲೋಮೀಟರು ದಾಟಿ ಯಾರ ನೆರವೂ ಸಿಗದ ಕಡೆಗೆ ಬಂದಾಗ ಕೈಕೊಡುವ ಸಂಭವವೇ ಹೆಚ್ಚು.

ಮೊದಲನೆಯದು ಭಾರದ ಲೆಕ್ಕ. ಬೈಕಿನ ಕೈಪಿಡಿಯಲ್ಲಿ ಅಥವಾ ಫ್ರೇಮಿನ ಮೇಲಿನ ಫಲಕದಲ್ಲಿ ಅದರ ಗರಿಷ್ಠ ಒಟ್ಟು ತೂಕವನ್ನು ಕೊಟ್ಟಿರುತ್ತಾರೆ. ಅದರಲ್ಲಿ ಇಂಧನ ತುಂಬಿದ ಬೈಕಿನ ತೂಕವನ್ನು ಕಳೆದರೆ ಉಳಿಯುವುದೇ ಸವಾರ, ಹಿಂಬದಿ ಸವಾರ, ಸಾಮಾನು ಮತ್ತು ನೀವು ಸೇರಿಸುವ ಸಾಧನಗಳೆಲ್ಲಕ್ಕೂ ಸೇರಿದ ಪಾಲು. ಒಂದು ಉದಾಹರಣೆ ನೋಡೋಣ. ಗರಿಷ್ಠ ತೂಕ 370 ಕೆ.ಜಿ., ಬೈಕಿನ ತೂಕ 200 ಕೆ.ಜಿ. ಇದ್ದರೆ ಉಳಿಯುವುದು 170 ಕೆ.ಜಿ. ಹೆಲ್ಮೆಟ್, ಜಾಕೆಟ್, ಬೂಟುಗಳೊಂದಿಗೆ ಇಬ್ಬರು ಸವಾರರು 150 ಕೆ.ಜಿ. ತೂಗಿದರೆ ಮಿಕ್ಕದ್ದೆಲ್ಲಕ್ಕೂ ಇರುವುದು ಬರೀ 20 ಕೆ.ಜಿ. ಎರಡು ಅಲ್ಯೂಮಿನಿಯಂ ಪ್ಯಾನಿಯರ್ ಪೆಟ್ಟಿಗೆಗಳು (ಹಿಂಭಾಗದ ಎಡಬಲ ಪಕ್ಕಗಳಲ್ಲಿ ಕೂರುವಂಥವು) ಮತ್ತು ಅವುಗಳ ಉಕ್ಕಿನ ಚೌಕಟ್ಟು ಖಾಲಿ ಇರುವಾಗಲೇ ಸುಮಾರು 15 ಕೆ.ಜಿ. ತೂಗಬಹುದು. ಇಂಥ ಸಂದರ್ಭದಲ್ಲಿ ಬಟ್ಟೆಯ ಪ್ಯಾನಿಯರ್ ಚೀಲಗಳೇ ಸರಿಯಾದ ಆಯ್ಕೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಒಟ್ಟು ತೂಕ ಮಿತಿಯೊಳಗಿದ್ದರೆ ಸಾಲದು, ಅದು ಎಲ್ಲಿ ಕೂತಿದೆ ಎಂಬುದು ಅಷ್ಟೇ ಮುಖ್ಯ. ಟಾಪ್ ಬಾಕ್ಸ್ ಹಿಂಚಕ್ರದ ಅಚ್ಚಿಗಿಂತಲೂ ಹಿಂದೆ, ಅದೂ ಎತ್ತರದಲ್ಲಿ ಕೂರುವುದರಿಂದ ಅದರಲ್ಲಿ ತುಂಬಿದ ಭಾರ ಮುಂಚಕ್ರವನ್ನು ಹಗುರಗೊಳಿಸುತ್ತದೆ. ವೇಗ ಹೆಚ್ಚಿದಾಗ ಹ್ಯಾಂಡಲ್ ಮೆಲ್ಲಗೆ ಓಲಾಡತೊಡಗಿದರೆ ಅದಕ್ಕೆ ಬಹುಪಾಲು ಇದೇ ಕಾರಣ. ಆದ್ದರಿಂದಲೇ ತಯಾರಕರು ಟಾಪ್ ಬಾಕ್ಸಿನ ತಟ್ಟೆಗೆ ಪ್ರತ್ಯೇಕವಾಗಿ ಕಡಿಮೆ ಮಿತಿಯನ್ನು ಸೂಚಿಸುತ್ತಾರೆ, ಮತ್ತು ಪೆಟ್ಟಿಗೆಯಲ್ಲಿ ಎಷ್ಟೇ ಜಾಗವಿದ್ದರೂ ಆ ಮಿತಿಯನ್ನು ಮೀರಬಾರದು. ಪಂಕ್ಚರ್ ಸಾಮಗ್ರಿ, ಸ್ಪ್ಯಾನರುಗಳು, ನೀರಿನಂತಹ ಭಾರದ ವಸ್ತುಗಳು ಪ್ಯಾನಿಯರುಗಳ ತಳದಲ್ಲಿ, ಸವಾರನ ಕಡೆಗೆ ಒತ್ತಿಕೊಂಡಂತೆ ಇರಬೇಕು. ಮಳೆ ಅಂಗಿ, ಬಟ್ಟೆಯಂತಹ ಹಗುರವಾದವು ಮೇಲಿರಬಹುದು. ಎಡಬಲದ ತೂಕ ಹೆಚ್ಚುಕಡಿಮೆ ಸಮನಾಗಿರಬೇಕು. ಸೈಲೆನ್ಸರ್ ಇರುವ ಬದಿಯಲ್ಲಿ ಬಟ್ಟೆಯ ಚೀಲ ಹಾಕುವುದಾದರೆ, ಚೀಲ ತುಂಬಿ ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗಲೂ ಅದು ಬಿಸಿ ಕೊಳವೆಗೆ ತಾಗದಂತೆ ಲೋಹದ ತಡೆ ಇರಲೇಬೇಕು. ಪಟ್ಟಿಗಳ ಬಾಲ ಗಾಳಿಗೆ ಹಾರಿ ಚೈನಿಗೋ ಚಕ್ರಕ್ಕೋ ಸಿಕ್ಕಿಕೊಳ್ಳದಂತೆ ಮಡಿಚಿ ಕಟ್ಟಬೇಕು.

ಭಾರ ಹೆಚ್ಚಿದ ಮೇಲೆ ಹಿಂದಿನ ಸಸ್ಪೆನ್ಷನ್ನಿನ ಪ್ರೀಲೋಡನ್ನು, ಎಂದರೆ ಅದರ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಎಂಬುದನ್ನು, ಹೊಂದಿಸದೆ ಹೊರಡುವವರೇ ಹೆಚ್ಚು. ಸವಾರನೂ ಸಾಮಾನೂ ಕೂತಾಗ ಸಸ್ಪೆನ್ಷನ್ ತನ್ನ ಒಟ್ಟು ಚಲನೆಯ ಮೂರನೆಯ ಒಂದು ಭಾಗದಷ್ಟು ಕುಗ್ಗಿದರೆ ಸರಿ. ಅದಕ್ಕಿಂತ ಹೆಚ್ಚು ಕುಗ್ಗಿದರೆ ಬೈಕಿನ ಹಿಂಭಾಗ ತಗ್ಗಿ ಮುಂಭಾಗ ಎತ್ತುತ್ತದೆ, ತಿರುವುಗಳಲ್ಲಿ ಬೈಕು ಮಾತು ಕೇಳುವುದಿಲ್ಲ, ರಾತ್ರಿ ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಪ್ರೀಲೋಡನ್ನು ಗರಿಷ್ಠಕ್ಕೆ ಏರಿಸಿದರೂ ಕುಗ್ಗುವಿಕೆ ಹೆಚ್ಚೇ ಇದ್ದರೆ ಹೆಚ್ಚು ಬಿಗಿಯಾದ ಸ್ಪ್ರಿಂಗ್ ಬೇಕೆಂದು ಅರ್ಥ. ಕ್ರ್ಯಾಶ್ ಗಾರ್ಡಿಗೂ ಮಂಜುದೀಪಕ್ಕೂ ಖರ್ಚು ಮಾಡುವ ಮೊದಲು ಸಸ್ಪೆನ್ಷನ್, ಟೈರು ಮತ್ತು ಸೀಟು, ಈ ಮೂರನ್ನು ಸರಿಪಡಿಸಿಕೊಂಡವರು ದಿನಕ್ಕೆ ಹೆಚ್ಚು ದೂರವನ್ನು ಕಡಿಮೆ ದಣಿವಿನಲ್ಲಿ ಸಾಗುತ್ತಾರೆ. ಟೈರಿನ ಗಾಳಿಯನ್ನು ಕೈಪಿಡಿಯಲ್ಲಿ ಪೂರ್ಣಭಾರಕ್ಕೆ ಹೇಳಿರುವ ಪ್ರಮಾಣಕ್ಕೆ, ಟೈರು ತಣ್ಣಗಿರುವಾಗಲೇ ಹೊಂದಿಸಬೇಕು. ಟೈರಿನ ಅಳತೆಯನ್ನೇ ಬದಲಿಸುವುದು ಬೇಡ. ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಎರಡೂ ಚಕ್ರಗಳ ವೇಗವನ್ನು ಹೋಲಿಸಿ ಕೆಲಸ ಮಾಡುವುದರಿಂದ ಚಕ್ರದ ಸುತ್ತಳತೆ ಬದಲಾದರೆ ಆ ಹೋಲಿಕೆಯೇ ತಪ್ಪುತ್ತದೆ.

ವಿದ್ಯುತ್ತಿನ ಲೆಕ್ಕ

ಅಳವಡಿಕೆಯಲ್ಲಿ ಅತಿ ಹೆಚ್ಚು ಎಚ್ಚರ ಬೇಡುವುದು ಈ ಭಾಗ. ಎಂಜಿನ್ ತಿರುಗುವಾಗ ವಿದ್ಯುತ್ತು ಉತ್ಪಾದಿಸುವ ಆಲ್ಟರ್ನೇಟರಿನ ಸಾಮರ್ಥ್ಯವೆಂದು ಕೈಪಿಡಿಯಲ್ಲಿ ಕೊಟ್ಟಿರುವ ಅಂಕಿ ಎಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ 5000 ಸುತ್ತಿನ ಆಸುಪಾಸಿನಲ್ಲಿ ತಿರುಗುವಾಗಿನದು, ಎಂಜಿನ್ ಐಡಲಿಂಗ್‌ನಲ್ಲಿರುವಾಗ ಸಿಗುವುದು ಅದಕ್ಕಿಂತ ಬಹಳ ಕಡಿಮೆ. 250 ವ್ಯಾಟ್ ಸಾಮರ್ಥ್ಯದ ಬೈಕೊಂದರಲ್ಲಿ ಹೆಡ್‌ಲೈಟ್, ಇಂಧನದ ಪಂಪು, ಇಗ್ನಿಷನ್, ನಿಯಂತ್ರಣ ಘಟಕ ಎಲ್ಲ ಸೇರಿ 160 ವ್ಯಾಟ್ ಬಳಸುತ್ತವೆ ಎಂದುಕೊಂಡರೆ ಉಳಿಯುವುದು 90. ಬಿಸಿಯಾಗುವ ಗ್ರಿಪ್‌ಗಳಿಗೆ 35, ಒಂದು ಜೊತೆ ಎಲ್‌ಇಡಿ ದೀಪಗಳಿಗೆ 40, ಮೊಬೈಲ್ ಚಾರ್ಜರಿಗೆ 15 ಎಂದರೆ ಆ ತೊಂಬತ್ತೂ ಮುಗಿಯಿತು. ಹೆದ್ದಾರಿಯಲ್ಲಿ ಇದು ಹೇಗೋ ಸರಿದೂಗುತ್ತದೆ, ಆದರೆ ನಿಂತು ನಿಂತು ಸಾಗುವ ವಾಹನ ದಟ್ಟಣೆಯಲ್ಲಿ ಬ್ಯಾಟರಿ ತನ್ನ ಸಂಗ್ರಹದಿಂದಲೇ ಕೊಡಬೇಕಾಗುತ್ತದೆ.

ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು ಮಲ್ಟಿಮೀಟರ್ ಸಾಕು. ಪೂರ್ತಿ ಚಾರ್ಜಾದ ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿ ಎಂಜಿನ್ ನಿಂತು ಕೆಲವು ಗಂಟೆ ಕಳೆದ ಮೇಲೆ 12.6ರಿಂದ 12.8 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಅದು 13.8ರಿಂದ 14.5ರ ನಡುವೆ ಇರಬೇಕು. ಸೇರಿಸಿದ ಸಾಧನಗಳೆಲ್ಲವನ್ನೂ ಹಾಕಿ, ಎಂಜಿನ್ನನ್ನು ಪ್ರಯಾಣದ ವೇಗಕ್ಕೆ ತಕ್ಕಷ್ಟು ತಿರುಗಿಸಿದಾಗ ಓದು 13 ವೋಲ್ಟಿಗಿಂತ ಕೆಳಗಿದ್ದರೆ ಒಂದಾದರೂ ಸಾಧನವನ್ನು ಬಿಡಲೇಬೇಕು. ಅಲ್ಲಿ ದೊಡ್ಡ ಬ್ಯಾಟರಿ ಹಾಕಿ ಪ್ರಯೋಜನವಿಲ್ಲ, ಅದು ಬರಿದಾಗಲು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟೆ.

ಇನ್ನು ವೈರಿಂಗ್. ಕೆಲಸಕ್ಕೆ ತೊಡಗುವಾಗ ಬ್ಯಾಟರಿಯ ನೆಗೆಟಿವ್ ತುದಿಯನ್ನು ಮೊದಲು ಕಳಚಬೇಕು, ಮುಗಿದ ಮೇಲೆ ಅದನ್ನೇ ಕೊನೆಗೆ ಜೋಡಿಸಬೇಕು. ಹಾಗೆ ಮಾಡಿದರೆ ಪಾಸಿಟಿವ್ ಬೋಲ್ಟನ್ನು ಬಿಚ್ಚುವಾಗ ಸ್ಪ್ಯಾನರ್ ಫ್ರೇಮಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಹೆಚ್ಚುವರಿ ದೀಪದಂತಹ ಸಾಧನಕ್ಕೆ ಬೈಕಿನ ಮೂಲ ದೀಪದ ವೈರಿನಿಂದ ನೇರವಾಗಿ ವಿದ್ಯುತ್ತು ಕೊಡಬಾರದು, ರಿಲೇ ಮೂಲಕ, ಎಂದರೆ ಸಣ್ಣ ವಿದ್ಯುತ್ ಸಂಜ್ಞೆಯಿಂದ ದೊಡ್ಡ ಹರಿವನ್ನು ಹಾಕಿ ತೆಗೆಯುವ ಸ್ವಿಚ್ಚಿನ ಮೂಲಕ, ಕೊಡಬೇಕು. ಸಾಮಾನ್ಯ ರಿಲೇಯ ಕಾಲುಗಳ ಮೇಲೆ 30, 87, 85, 86 ಎಂಬ ಸಂಖ್ಯೆಗಳಿರುತ್ತವೆ. 30ಕ್ಕೆ ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಸ್ ದಾಟಿ ಬರುವ ವೈರು, 87ರಿಂದ ದೀಪಕ್ಕೆ ಹೋಗುವ ವೈರು, 85ಕ್ಕೆ ಅರ್ಥ್ (ಬ್ಯಾಟರಿಯ ನೆಗೆಟಿವ್‌ಗೆ ಮರಳುವ ವೈರು), 86ಕ್ಕೆ ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಯಾವುದಾದರೊಂದು ವೈರಿನಿಂದ ಸ್ವಿಚ್ ಮೂಲಕ ಸಂಜ್ಞೆ. ಹಿಂಬದಿಯ ಪಾರ್ಕಿಂಗ್ ದೀಪದ ವೈರು ಈ ಸಂಜ್ಞೆಗೆ ಅನುಕೂಲ, ಏಕೆಂದರೆ ರಿಲೇಯ ಸುರುಳಿ ಎಳೆಯುವುದು ಸುಮಾರು 0.2 ಆಂಪಿಯರಿಗಿಂತ ಹೆಚ್ಚಲ್ಲ. ದೀಪದ ಪೂರ್ಣ ಭಾರ ಬ್ಯಾಟರಿಯಿಂದ ಬಂದ ಹೊಸ ವೈರಿನ ಮೇಲೆಯೇ ಬೀಳುತ್ತದೆ. ಸಾಧನಗಳು ಮೂರು ನಾಲ್ಕಿದ್ದರೆ, ಬಿಡಿ ರಿಲೇಗಳನ್ನು ಸಾಲಾಗಿ ತೂಗುಹಾಕುವ ಬದಲು ಸೀಟಿನಡಿ ಒಂದು ಸಣ್ಣ ಫ್ಯೂಸ್ ಬಾಕ್ಸ್ ಕೂರಿಸಿ ಅದಕ್ಕೊಂದೇ ರಿಲೇ ಕೊಡುವುದು ಅಚ್ಚುಕಟ್ಟು.

ಫ್ಯೂಸ್ ಇರುವುದು ವೈರು ಉರಿಯದಂತೆ ಕಾಯುವುದಕ್ಕೆ. ಆದಕಾರಣ ಅದು ಬ್ಯಾಟರಿಗೆ ಆದಷ್ಟು ಹತ್ತಿರ, ಒಂದು ಗೇಣಿನೊಳಗೆ ಇರಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡಿಗೆ ಯಾವ ರಕ್ಷಣೆಯೂ ಇರುವುದಿಲ್ಲ. 40 ವ್ಯಾಟಿನ ದೀಪಗಳು 12 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್ ಎಳೆಯುತ್ತವೆ. ಅದರ ಒಂದೂಕಾಲು ಪಟ್ಟಿನಿಂದ ಒಂದೂವರೆ ಪಟ್ಟು ಎಂದು ಲೆಕ್ಕ ಹಾಕಿದರೆ 5 ಆಂಪಿಯರಿನ ಫ್ಯೂಸ್ ಸಾಕು, ಮತ್ತು 1.5 ಚದರ ಮಿ.ಮೀ. ವೈರು ಧಾರಾಳವಾಗುತ್ತದೆ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದೆಯೆಂದು ದೊಡ್ಡ ಫ್ಯೂಸ್ ಹಾಕುವುದು ಬೆಂಕಿಗೆ ದಾರಿ ಬಿಟ್ಟಂತೆ. ವೈರು ಎಲ್ಲಿ ಸವೆದು ಲೋಹಕ್ಕೆ ತಾಗುತ್ತಿದೆ ಎಂದು ಹುಡುಕಬೇಕು.

ಜೋಡಣೆಗಳ ವಿಷಯದಲ್ಲಿ, ವೈರನ್ನು ತಿರುಚಿ ಟೇಪ್ ಸುತ್ತುವುದನ್ನೂ, ಮೂಲ ವೈರಿನ ಹೊದಿಕೆಯನ್ನು ಕತ್ತರಿಸಿ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್‌ಗಳನ್ನೂ ಪೂರ್ತಿಯಾಗಿ ಕೈಬಿಡಬೇಕು. ಬೆಸುಗೆಯೂ ನಾವು ಭಾವಿಸುವಷ್ಟು ಭದ್ರವಲ್ಲ. ಕರಗಿದ ಬೆಸುಗೆ ಲೋಹ ಎಳೆಗಳೊಳಗೆ ಹರಿದು ವೈರನ್ನು ಕಡ್ಡಿಯಂತೆ ಸೆಟೆಸುತ್ತದೆ, ಸೆಟೆದ ಭಾಗ ಮುಗಿದು ಮೆದು ಭಾಗ ಶುರುವಾಗುವ ಗೆರೆಯಲ್ಲೇ ಎಂಜಿನ್ನಿನ ಕಂಪನ ಅದನ್ನು ಮುರಿಯುತ್ತದೆ. ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿದ ಟರ್ಮಿನಲ್ ಮತ್ತು ಅದರ ಮೇಲೆ ಒಳಬದಿಗೆ ಅಂಟು ಸವರಿರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಇದ್ದರೆ ನೀರೂ ಒಳಹೋಗದು, ಎಳೆಯೂ ಮುರಿಯದು. ಒತ್ತಿದ ಮೇಲೆ ವೈರನ್ನು ಹಿಡಿದು ಬಲವಾಗಿ ಎಳೆದು ನೋಡಬೇಕು. ಬರುವುದಿದ್ದರೆ ಈಗಲೇ ಬರಲಿ.

ವೈರು ಸಾಗುವ ದಾರಿಯಲ್ಲಿ ಅತಿ ಕಠಿಣವಾದ ಜಾಗ ಹ್ಯಾಂಡಲಿನ ಕುತ್ತಿಗೆ. ಸೀಟಿನಡಿಯಿಂದ ಬಂದ ವೈರು ಅಲುಗದ ಫ್ರೇಮನ್ನು ಬಿಟ್ಟು ಸದಾ ತಿರುಗುವ ಹ್ಯಾಂಡಲನ್ನು ಸೇರುವುದು ಇಲ್ಲಿಯೇ. ತಯಾರಕರ ಮೂಲ ವೈರಿನ ಕಟ್ಟು ಎಲ್ಲಿ ಸಾಗಿದೆಯೋ ಅದರ ಜೊತೆಗೇ ಹೊಸ ವೈರನ್ನೂ ಒಯ್ಯಬೇಕು. ತಿರುಗುವ ಜಾಗದ ಹಿಂದೊಂದು, ಮುಂದೊಂದು ಕಡೆ ಟೈ ಕಟ್ಟಿ, ನಡುವೆ ಸಣ್ಣ ಬಾಗು ಉಳಿಸಬೇಕು. ಆ ಬಳಿಕ ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ನಿಧಾನವಾಗಿ ತಿರುಗಿಸುತ್ತ ಆ ಬಾಗನ್ನೇ ನೋಡಬೇಕು. ಅದು ಎಲ್ಲಿಯೂ ಬಿಗಿಯಾಗಬಾರದು, ಹ್ಯಾಂಡಲ್ ತಡೆದು ನಿಲ್ಲುವ ಲೋಹದ ಗುಬಟಿನ ನಡುವೆ ಸಿಕ್ಕಬಾರದು. ಎಂಜಿನ್ ಐಡಲಿಂಗ್‌ನಲ್ಲಿರುವಾಗಲೂ ಇದನ್ನೇ ಮಾಡಬೇಕು. ತಿರುಗಿಸುವಾಗ ಎಂಜಿನ್ನಿನ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯಲ್ಪಡುತ್ತಿದೆ ಎಂದು ತಿಳಿಯಬೇಕು. ಹ್ಯಾಂಡಲನ್ನು 20 ಅಥವಾ 30 ಮಿ.ಮೀ. ಎತ್ತರಿಸುವ ರೈಸರ್ ಹಾಕಿದವರಿಗಂತೂ ಈ ಪರೀಕ್ಷೆ ಕಡ್ಡಾಯ. ಬ್ರೇಕ್ ಹೋಸ್ ಬಿಗಿದಿದ್ದರೆ ಉದ್ದದ ಹೋಸ್ ಹಾಕಿಸಬೇಕು, ಇಲ್ಲವೇ ರೈಸರ್ ತೆಗೆಯಬೇಕು. ಬಿಸಿ ಗ್ರಿಪ್ ಹಾಕಿದ ಮೇಲೆ ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ಅದು ಹ್ಯಾಂಡಲ್ ಯಾವ ಕೋನದಲ್ಲಿದ್ದರೂ ತಾನಾಗಿ ಚಟ್ಟನೆ ಮುಚ್ಚಿಕೊಳ್ಳಬೇಕು.

ಇತ್ತೀಚಿನ ಅನೇಕ ಬೈಕುಗಳಲ್ಲಿ ಕ್ಯಾನ್ ಬಸ್ ಎಂಬ ದತ್ತಾಂಶ ಜಾಲವಿರುತ್ತದೆ. ಅಲ್ಲಿ ನಿಯಂತ್ರಣ ಘಟಕ ವಿದ್ಯುತ್ತಿನ ಹರಿವನ್ನು ಗಮನಿಸುತ್ತಿರುವುದರಿಂದ ವೈರನ್ನು ಅಲ್ಲಲ್ಲಿ ಸೀಳಿ ಕವಲು ತೆಗೆದರೆ ದೋಷದ ದೀಪ ಹೊತ್ತಿಕೊಳ್ಳಬಹುದು, ಆ ಸರ್ಕ್ಯೂಟೇ ಬಂದ್ ಆಗಬಹುದು. ತಯಾರಕರು ಹೆಚ್ಚುವರಿ ಸಾಧನಕ್ಕೆಂದೇ ಬಿಟ್ಟಿರುವ ಕನೆಕ್ಟರನ್ನು ಮಾತ್ರ ಬಳಸಬೇಕು. ಇಂಡಿಕೇಟರುಗಳನ್ನು ಎಲ್‌ಇಡಿಗೆ ಬದಲಿಸಿದಾಗ ಅವು ಅವಸರದಿಂದ ಮಿಟುಕುವುದೂ ಹರಿವು ಕಡಿಮೆಯಾದುದರಿಂದಲೇ. ಹರಿವನ್ನು ಹೆಚ್ಚಿಸಲು ಬಿಸಿಯಾಗಿ ಸುಡುವ ರೆಸಿಸ್ಟರ್ ಹಾಕುವುದಕ್ಕಿಂತ, ಎಲ್‌ಇಡಿಗೆ ಹೊಂದುವ ಫ್ಲ್ಯಾಷರ್ (ಇಂಡಿಕೇಟರನ್ನು ಮಿಟುಕಿಸುವ ಘಟಕ) ಹಾಕುವುದು ಉತ್ತಮ.

ಕೀಲಿ ತೆಗೆದ ಮೇಲೂ ವಿದ್ಯುತ್ತು ಎಳೆಯುವ ಸಾಧನಗಳ ಕಡೆಗೂ ಗಮನವಿರಲಿ. ಬ್ಯಾಟರಿಗೆ ನೇರ ಜೋಡಿಸಿದ ಯುಎಸ್‌ಬಿ ಚಾರ್ಜರ್ ಸುಮ್ಮನಿದ್ದಾಗಲೂ 20 ಮಿಲಿಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ದಿನಕ್ಕೆ ಸುಮಾರು ಅರ್ಧ ಆಂಪಿಯರ್ ಅವರ್ ಹೋದಂತಾಯಿತು, 12 ಆಂಪಿಯರ್ ಅವರ್‌ನ ಬ್ಯಾಟರಿ ಹನ್ನೆರಡು ದಿನಗಳಲ್ಲಿ ಅರ್ಧ ಬರಿದಾಗುತ್ತದೆ.

ಬೋಲ್ಟು, ಬಿಗಿ ಮತ್ತು ಉಳಿದ ವಿಷಯ

ಕ್ರ್ಯಾಶ್ ಗಾರ್ಡ್ ಬಹುತೇಕ ಎಂಜಿನ್ನನ್ನು ಫ್ರೇಮಿಗೆ ಹಿಡಿದಿರುವ ಬೋಲ್ಟುಗಳ ಮೇಲೆಯೇ ಕೂರುತ್ತದೆ. ಎಲ್ಲ ಬೋಲ್ಟುಗಳನ್ನೂ ಒಮ್ಮೆಗೇ ಬಿಚ್ಚಿದರೆ ಎಂಜಿನ್ ಕೆಳಗೆ ಜಾರಿ ರಂಧ್ರಗಳು ತಪ್ಪಿಹೋಗುತ್ತವೆ, ಆದ್ದರಿಂದ ಎಂಜಿನ್ನಿನ ಅಡಿಗೆ ಆಧಾರ ಕೊಟ್ಟು ಒಂದೊಂದಾಗಿ ಬದಲಿಸಬೇಕು. ಎಲ್ಲವನ್ನೂ ಮೊದಲು ಬೆರಳಿನಿಂದಷ್ಟೇ ತಿರುಗಿಸಿ ಕೂರಿಸಿ, ಗಾರ್ಡ್ ತನ್ನ ಜಾಗದಲ್ಲಿ ಸಹಜವಾಗಿ ನಿಂತಿದೆ ಎಂದು ಖಚಿತವಾದ ಮೇಲೆ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಕೊಳವೆಯನ್ನು ಬಗ್ಗಿಸಿ, ಎಳೆದು ರಂಧ್ರಕ್ಕೆ ಹೊಂದಿಸಿದರೆ ಆ ಸೆಳೆತ ಬೋಲ್ಟಿನಲ್ಲೇ ಉಳಿಯುತ್ತದೆ. ಬಿಗಿಯ ಪ್ರಮಾಣಕ್ಕೆ ಕೈಪಿಡಿಯೇ ಪ್ರಮಾಣ. ಅಲ್ಲಿ ಹೇಳಿರದ ಸಾಮಾನ್ಯ ಉಕ್ಕಿನ ಬೋಲ್ಟಿಗೆ 6 ಮಿ.ಮೀ. ಆದರೆ ಸುಮಾರು 10 ನ್ಯೂಟನ್ ಮೀಟರ್, 8 ಮಿ.ಮೀ. ಆದರೆ ಸುಮಾರು 25 ಎಂದು ಇಟ್ಟುಕೊಳ್ಳಬಹುದು. ಅಲ್ಯೂಮಿನಿಯಂ ಒಳಗೆ ಹೋಗುವ ಬೋಲ್ಟಿಗೆ ಇನ್ನೂ ಕಡಿಮೆ ಸಾಕು. ನಡುವೆ ಹೊಸ ತಟ್ಟೆ ಸೇರಿದರೆ ಬೋಲ್ಟು ಅಷ್ಟೇ ಉದ್ದ ಹೆಚ್ಚಬೇಕು. ಉಕ್ಕಿನಲ್ಲಿ ಬೋಲ್ಟಿನ ದಪ್ಪದಷ್ಟು, ಅಲ್ಯೂಮಿನಿಯಂನಲ್ಲಿ ಅದರ ಒಂದೂವರೆ ಪಟ್ಟಿನಷ್ಟು ಮರೆ (ಬೋಲ್ಟಿನ ತಿರುಪಿನ ಭಾಗ) ಒಳಹೊಕ್ಕಿರಬೇಕು. ಕಂಪನಕ್ಕೆ ಸಡಿಲವಾಗದಂತೆ ನೀಲಿ ಥ್ರೆಡ್ ಲಾಕರ್ (ಬೋಲ್ಟಿನ ಮರೆಗೆ ಹಚ್ಚುವ ಅಂಟು) ಒಂದು ಹನಿ ಸಾಕು. ಕೆಂಪಿನದನ್ನು ಹಾಕಿದರೆ ಮುಂದೆ ಬಿಸಿ ಮಾಡದೆ ಬಿಚ್ಚಲಾಗುವುದಿಲ್ಲ.

ವಿಂಡ್‌ಶೀಲ್ಡಿನ ಎತ್ತರ ಸವಾರನ ಮೂಗಿನ ಮಟ್ಟಕ್ಕಿದ್ದರೆ, ನೋಟ ಅದರ ಮೇಲಿಂದ ಹಾಯುತ್ತದೆ, ಮಳೆಯಲ್ಲಿ ಕೊಳೆಯಾದ ಪ್ಲಾಸ್ಟಿಕ್ಕಿನ ಮೂಲಕ ರಸ್ತೆ ನೋಡುವ ಕಷ್ಟವಿರುವುದಿಲ್ಲ. ಹೆಲ್ಮೆಟ್ಟಿಗೆ ಗಾಳಿ ಬಡಿದು ತಲೆ ಅದುರುತ್ತಿದ್ದರೆ ಇನ್ನೂ ಎತ್ತರದ ಶೀಲ್ಡ್ ಹುಡುಕುವ ಮೊದಲು ಇರುವುದರ ಕೋನವನ್ನು ಸ್ವಲ್ಪ ಬದಲಿಸಿ ನೋಡಬೇಕು. ಮೊಬೈಲ್ ಹಿಡಿಕೆಗೆ ಕಂಪನ ತಡೆಯುವ ರಬ್ಬರಿನ ಭಾಗ ಇರಲೇಬೇಕು. ಹೆಚ್ಚು ಸಾಮರ್ಥ್ಯದ ಎಂಜಿನ್ನಿನ ಕಂಪನ ಐಫೋನಿನ ಕ್ಯಾಮೆರಾದ ಸ್ಥಿರೀಕರಣ ವ್ಯವಸ್ಥೆಯನ್ನು ಕೆಡಿಸಬಹುದೆಂದು ಆಪಲ್ ಸಂಸ್ಥೆಯೇ 2021ರಲ್ಲಿ ಎಚ್ಚರಿಸಿದೆ.

ಹೆಚ್ಚುವರಿ ದೀಪಗಳನ್ನು ಹೊಂದಿಸಲು ಬೈಕನ್ನು ಸಮತಟ್ಟಾದ ನೆಲದಲ್ಲಿ, ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಪ್ರಯಾಣದ ಪೂರ್ಣ ಭಾರದೊಂದಿಗೆ ಸವಾರ ಕೂರಬೇಕು. ಗೋಡೆಯ ಮೇಲೆ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸುಮಾರು 10 ಸೆಂ.ಮೀ. ಕೆಳಗಿರಬೇಕು. ಮೇಲಂಚೇ ಇಲ್ಲದೆ ಬೆಳಕು ಎಲ್ಲೆಡೆ ಚೆಲ್ಲುವ ದೀಪಗಳನ್ನು ಎದುರಿನಿಂದ ವಾಹನ ಬರುವ ರಸ್ತೆಯಲ್ಲಿ ಹಚ್ಚಲೇಬಾರದು, ಎದುರಿನ ಚಾಲಕನ ಕಣ್ಣು ಕತ್ತಲಿಟ್ಟರೆ ಅಪಾಯ ನಮಗೇ. ಇಂಥವನ್ನು ಹೈ ಬೀಮಿನೊಂದಿಗೆ ಮಾತ್ರ ಹೊತ್ತುವಂತೆ ರಿಲೇಗೆ ಜೋಡಿಸಬೇಕು. ದೀಪ, ಸೈಲೆನ್ಸರ್, ಅಗಲ ಹೆಚ್ಚಿಸುವ ಪೆಟ್ಟಿಗೆಗಳ ವಿಷಯದಲ್ಲಿ ನಿಮ್ಮಲ್ಲಿನ ಕಾನೂನನ್ನೂ ವಿಮೆಯ ಷರತ್ತನ್ನೂ ಕೊಳ್ಳುವ ಮೊದಲೇ ಓದಿಕೊಳ್ಳಬೇಕು.

ಇಷ್ಟೆಲ್ಲವನ್ನೂ ಒಂದೇ ದಿನ ಜೋಡಿಸಬಾರದು. ಒಂದನ್ನು ಹಾಕಿ, ಕೆಲವು ದಿನ ಓಡಿಸಿ, ಆಮೇಲೆ ಇನ್ನೊಂದಕ್ಕೆ ಕೈಹಾಕಿದರೆ, ಹೊಸದೊಂದು ಸದ್ದೋ ಓಲಾಟವೋ ಕಂಡಾಗ ಅದು ಯಾವುದರಿಂದ ಬಂತೆಂದು ಹುಡುಕುವ ಗೋಜಿರುವುದಿಲ್ಲ. ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆದಿಟ್ಟರೆ, ಗೆರೆ ಮುರಿದಿರುವುದನ್ನು ನೋಡಿದೊಡನೆ ಬೋಲ್ಟು ತಿರುಗಿದೆಯೆಂದು ಗೊತ್ತಾಗುತ್ತದೆ. ಮೊದಲ ನೂರಿನ್ನೂರು ಕಿಲೋಮೀಟರಿನ ನಂತರ ಎಲ್ಲ ಬೋಲ್ಟುಗಳಿಗೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಬೇಕು, ದೂರ ಹೊರಟ ಮೇಲೆ ಪ್ರತಿ ಬೆಳಗ್ಗೆ ಗೆರೆಗಳ ಮೇಲೆ ಕಣ್ಣಾಡಿಸಬೇಕು. ಯಾವ ಬಣ್ಣದ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಫ್ಯೂಸ್ ಯಾವುದಕ್ಕೆ ಎಂಬ ಚಿತ್ರವನ್ನು ಕೈಯಿಂದಲೇ ಬರೆದು, ನೀರು ತಾಗದ ಚೀಲದಲ್ಲಿ ಬಿಡಿ ಫ್ಯೂಸುಗಳೊಂದಿಗೆ ಸೀಟಿನಡಿ ಇಡಬೇಕು. ಬೈಕು ದಾರಿಯಲ್ಲಿ ನಿಂತರೆ ಅದನ್ನು ಬಿಚ್ಚಿ ನೋಡುವವರು ನೀವೇ ಆಗಿರಬೇಕೆಂದಿಲ್ಲ.