ಸಂತೆಗೂ ಸೈ, ಸಂದಿಗೂ ಸೈ: ಹಳೇ ಹೋಂಡಾ ನವಿ ಕೊಳ್ಳುವುದು ಹೇಗೆ?

ತುಮಕೂರಿನ ಮಂಡಿಪೇಟೆಗೆ ವ್ಯಾಪಾರದ ಹೊತ್ತಿನಲ್ಲಿ ದೊಡ್ಡ ಬೈಕು ತಗೊಂಡು ಹೋಗಿ ನೋಡಿ. ಒಂದು ಕಡೆ ಗೂಡ್ಸ್ ಆಟೋ, ಇನ್ನೊಂದು ಕಡೆ ತಳ್ಳುಗಾಡಿ, ಮಧ್ಯೆ ಮೂಟೆ ಹೊತ್ತ ಹಮಾಲರು. ಗಾಡಿ ನಿಲ್ಲಿಸೋಕೆ ಜಾಗ ಹುಡುಕುವಷ್ಟರಲ್ಲಿ ಎರಡು ಕೆಜಿ ಬೇಳೆ ತರುವ ಉತ್ಸಾಹವೇ ಇಳಿದಿರುತ್ತದೆ. ಇಂಥ ಓಡಾಟಕ್ಕೆ ಕುಳ್ಳ ಬೈಕೇ ವಾಸಿ.

ಕುಳ್ಳ ಬೈಕು ಅಂದ ತಕ್ಷಣ ಹುಡುಗರ ಕಣ್ಣು ಆನ್‌ಲೈನಿನಲ್ಲಿ ಕಾಣುವ ಮಂಕಿ ಬೈಕಿನ ನಕಲುಗಳ ಮೇಲೆ ಹೋಗುತ್ತದೆ. ಅಸಲಿ ಮಂಕಿ ಹೋಂಡಾ ಕಂಪನಿಯದು. 1961ರಲ್ಲಿ ಟೋಕಿಯೊ ಹತ್ತಿರದ ಟಾಮಾ ಟೆಕ್ ಪಾರ್ಕಿನಲ್ಲಿ ಆಟಕ್ಕೆಂದು ಮಾಡಿದ ಪುಟ್ಟ ಗಾಡಿಯೇ ಅದರ ಮೂಲ. ಚೀನಾದಲ್ಲಿ ಮಾಡುವ ಅದರ ನಕಲುಗಳು ಬೇರೆ ದೇಶಗಳಲ್ಲಿ ಅಗ್ಗಕ್ಕೆ ಸಿಗುತ್ತವೆ, ಕೆಲವು ಕಡೆ ರಸ್ತೆಯಲ್ಲೂ ಓಡುತ್ತವೆ. ನಮ್ಮಲ್ಲಿ ಅದು ನಡೆಯುವುದಿಲ್ಲ. ಹೊಸ ಗಾಡಿಗಳನ್ನು ಪರೀಕ್ಷಿಸುವ ಎಆರ್‌ಎಐನಂಥ ಸಂಸ್ಥೆಯಲ್ಲಿ ಪಾಸಾದ ಮಾಡೆಲ್ ಆಗಿರದಿದ್ದರೆ ಆರ್‌ಟಿಒ ನಂಬರ್ ಕೊಡುವುದಿಲ್ಲ. ನಂಬರ್ ಇಲ್ಲದ ಗಾಡಿಗೆ ಇನ್ಶೂರೆನ್ಸೂ ಇಲ್ಲ. ಬಿ.ಎಚ್. ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದರೆ ಏನು ಹೇಳುತ್ತೀರಿ? 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ದಾಟದ ಹಗುರ ಎಲೆಕ್ಟ್ರಿಕ್ ಗಾಡಿಗೆ ಮಾತ್ರ ನೋಂದಣಿ, ಲೈಸೆನ್ಸ್ ಎರಡೂ ಬೇಡ. ಆದರೆ ಇಬ್ಬರು ಕೂತು ಒಂದು ಚೀಲವನ್ನೂ ಇಟ್ಟುಕೊಂಡರೆ ಅದು ಏರು ಹತ್ತಲು ಒದ್ದಾಡುತ್ತದೆ.

ಹಾಗಾದರೆ ಉಳಿದಿದ್ದು ಯಾವುದು? ನನ್ನ ಓಟು ಹೋಂಡಾ ನವಿಗೆ. 2016ರಲ್ಲಿ ಬಂತು, ಆಗ ದೆಹಲಿ ಶೋರೂಂ ಬೆಲೆ 39,500 ರೂಪಾಯಿ. ನೋಡಲು ಹೋಂಡಾದವರದೇ ಗ್ರೋಮ್ ಎಂಬ ಕುಳ್ಳ ಬೈಕಿನ ತಮ್ಮನಂತಿದೆ, ಒಳಗೆ ಇರುವುದು ಮಾತ್ರ ಆಕ್ಟಿವಾದ 109 ಸಿಸಿ ಇಂಜಿನ್. ಗೇರ್ ಇಲ್ಲ. 2020ರಲ್ಲಿ ಹೊಗೆ ಮಿತಿಯ ಬಿಎಸ್6 ನಿಯಮ ಬಂದಾಗ ಇಲ್ಲಿ ಮಾರಾಟ ನಿಂತಿತು, ಆದ್ದರಿಂದ ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ನಿಂತುಹೋದ ಗಾಡಿ ಯಾಕಪ್ಪಾ ಅನ್ನಬೇಡಿ. ಆಕ್ಟಿವಾ ಬಿಚ್ಚಿ ಜೋಡಿಸಲು ಬಾರದ ಮೆಕ್ಯಾನಿಕ್ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಇಂಜಿನ್ನಿನ ಸ್ಪೇರ್ಸ್ ಬಗ್ಗೆ ತಲೆಬಿಸಿ ಇಲ್ಲ. ಮೈಮೇಲಿನ ಪ್ಲಾಸ್ಟಿಕ್ ಒಡೆದರೆ ಮಾತ್ರ ಹುಡುಕಾಟ ಶುರು, ಅದಕ್ಕೇ ಮೈ ಪೂರ್ತಿ ಇರುವ ಗಾಡಿಯನ್ನೇ ಆರಿಸಿ.

ಮೊದಲು ನಿಮ್ಮ ಕೆಲಸ ಯಾವುದು ನೋಡಿ

ಕಾಲಿಡುವ ಜಾಗದಲ್ಲಿ ಸ್ಕೂಟರಿನ ಹಾಗೆ ಇದಕ್ಕೆ ಹಲಗೆ ಇಲ್ಲ. ಗ್ಯಾಸ್ ಸಿಲಿಂಡರ್, 25 ಕೆಜಿ ಅಕ್ಕಿ ಮೂಟೆ ತರುವವರು ನೀವಾಗಿದ್ದರೆ ಸುಮ್ನೆ ಒಂದು ಟಿವಿಎಸ್ ಎಕ್ಸ್‌ಎಲ್ 100 ತಗೊಳ್ಳಿ. ಆ ಕೆಲಸಕ್ಕೆ ಅದನ್ನು ಮೀರಿಸಿದ ಗಾಡಿ ಇಲ್ಲ. ತರಕಾರಿ, ಔಷಧಿ, ಮಕ್ಕಳ ಟ್ಯೂಷನ್ನು, ಭಾನುವಾರ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಪಾರ್ಸೆಲ್ಲು, ಇಷ್ಟಕ್ಕೆ ನವಿ ಸಾಕು. ಬೈಕಿನಲ್ಲಿ ಇಂಜಿನ್ ಇರಬೇಕಾದ ಜಾಗ ಇದರಲ್ಲಿ ಖಾಲಿ. ಅಲ್ಲಿ ಕೆಲವರು ಬೀಗ ಹಾಕುವ ಬಾಕ್ಸ್ ಕೂರಿಸಿರುತ್ತಾರೆ. ಅಂಥದ್ದು ಸಿಕ್ಕರೆ ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಗಾಡಿಗಿಂತ ಮುಂಚೆ ಕಾಗದ

ಫೋಟೋ ನೋಡಿ ಮನಸೋಲುವ ಮೊದಲು ನಂಬರ್ ಕೇಳಿ. ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ನೋಂದಣಿ ದಿನ, ಇನ್ಶೂರೆನ್ಸ್, ಎಮಿಷನ್, ಸಾಲ ಇದೆಯೋ ಇಲ್ಲವೋ, ಎಲ್ಲ ಕಾಣುತ್ತದೆ. ಸಾಲ ಅಂತ ತೋರಿಸಿದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲ ತೆಗೆಸುವ ಫಾರಂ 35 ಬರುವವರೆಗೆ ಅಡ್ವಾನ್ಸ್ ಕೊಡಬೇಡಿ. ಬಾಕಿ ದಂಡವನ್ನೂ ನೋಡಿ. ಹಿಂದಿನ ಓನರ್ ಸಿಗ್ನಲ್ ಹಾರಿಸಿದ್ದಕ್ಕೆ ನೀವು ಯಾಕೆ ಕಟ್ಟಬೇಕು?

ಆಮೇಲೆ ಗಾಡಿ ಹತ್ತಿರ ಹೋದಾಗ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆಯೋ ಪೆಟ್ರೋಲೋ ಹಾಕಿ ಚಾಸಿ ನಂಬರಿನ ಮೇಲಿನ ಜಿಡ್ಡು ಒರೆಸಿ, ಆರ್‌ಸಿಯಲ್ಲಿರುವ ನಂಬರಿನ ಜೊತೆ ಒಂದೊಂದೇ ಅಕ್ಷರ ತಾಳೆ ಮಾಡಿ. ಅಕ್ಷರ ಉಜ್ಜಿದಂತೆ, ಮತ್ತೆ ಕುಟ್ಟಿದಂತೆ ಕಂಡರೆ ಮಾತು ಬೆಳೆಸದೆ ವಾಪಸ್ ಬನ್ನಿ.

ಕೊಂಡ ಮೇಲೆ ಫಾರಂ 29, 30ಕ್ಕೆ ಇಬ್ಬರೂ ಸಹಿ ಹಾಕಿ ವರ್ಗಾವಣೆಗೆ ಅರ್ಜಿ ಕೊಡಬೇಕು. ಒಂದೇ ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕೆಂದು ಕಾನೂನು. ‘ಓಡಿಸ್ತಾ ಇರಿ ಸಾರ್, ಹೆಸರು ಆಮೇಲೆ ಮಾಡಿಸಿದ್ರಾಯ್ತು’ ಎನ್ನುವವರನ್ನು ನಂಬಬೇಡಿ, ಅವರು ಆಮೇಲೆ ಫೋನೇ ಎತ್ತುವುದಿಲ್ಲ. ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಇನ್ನೊಂದು ಮಾತು: ಆರ್‌ಸಿ 15 ವರ್ಷಕ್ಕೆ ಮಾತ್ರ. 2016ರ ಗಾಡಿಗೆ 2031ರಲ್ಲಿ ಮತ್ತೆ ಎಫ್‌ಸಿ (ಗಾಡಿ ಸುಸ್ಥಿತಿಯಲ್ಲಿದೆ ಎಂಬ ಪತ್ರ) ಮಾಡಿಸಿ ನವೀಕರಿಸಬೇಕು. ಬೆಲೆ ಚೌಕಾಸಿಗೆ ಇದು ಒಳ್ಳೆಯ ಅಸ್ತ್ರ.

ಇಂಜಿನ್ ತಣ್ಣಗಿರುವಾಗಲೇ ನೋಡಿ

‘ಬರ್ತೀನಿ’ ಅಂತ ಹೇಳಿದ ಹೊತ್ತಿಗಿಂತ ಸ್ವಲ್ಪ ಮೊದಲೇ ಹೋಗಿ ಇಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ನಿಮಗೋಸ್ಕರ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ. ತಣ್ಣಗಿದ್ದಾಗ ಸೆಲ್ಫಲ್ಲೂ ಕಿಕ್ಕಲ್ಲೂ ಹತ್ತಬೇಕು. ಬಿಸಿಯಾದ ಮೇಲೂ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ, ಕೈಮುಗಿದು ಬಿಡಿ. ನಿಂತಲ್ಲಿಂದ ಆಕ್ಸಿಲರೇಟರ್ ಕೊಟ್ಟಾಗ ಗಡಗಡ ನಡುಗಿದರೆ, ಇಲ್ಲವೇ ಇಂಜಿನ್ ಕಿರುಚಿದರೂ ಗಾಡಿ ಮುಂದೆ ಹೋಗದಿದ್ದರೆ ಇಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಬೆಲ್ಟ್, ರೋಲರ್, ತಾನಾಗಿ ಕೆಲಸ ಮಾಡುವ ಒಳಗಿನ ಕ್ಲಚ್ ಮೂರರಲ್ಲಿ ಒಂದು ಸವೆದಿದೆ. ಪರಿಚಯದ ಮೆಕ್ಯಾನಿಕ್ ಜೊತೆಗಿದ್ದರೆ ಎಡಗಡೆ ಕವರ್ ಬಿಚ್ಚಿಸಿ. ಬೆಲ್ಟನ್ನು ಬೆರಳಲ್ಲಿ ಸ್ವಲ್ಪ ಬಗ್ಗಿಸಿ ಒಳಗಿನ ಹಲ್ಲುಗಳ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯೇ ನೋಡಿ. ಇದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಟೈರ್ ಹಿಂದೆ 10 ಇಂಚು, ಮುಂದೆ 12 ಇಂಚು. ಹಿಂದಿನದು ಆಕ್ಟಿವಾದ ಅಳತೆಯದೇ.

ಓಡಿಸುವಾಗ

ಬೈಕು ಓಡಿಸಿ ರೂಢಿ ಇರುವವರೇ ಇದರಲ್ಲಿ ಜಾಸ್ತಿ ಎಡವುವುದು. ಕೂತರೆ ಬೈಕೇ ಅನಿಸುತ್ತದೆ. ಎಡಗೈ ತಾನಾಗಿ ಕ್ಲಚ್ ಅಂದುಕೊಂಡು ಲಿವರ್ ಪೂರ್ತಿ ಹಿಡಿಯುತ್ತದೆ. ಅದು ಕ್ಲಚ್ಚಲ್ಲ, ಬ್ರೇಕು! ಮರಳು ಬಿದ್ದ ತಿರುವಿನಲ್ಲಿ ಹೀಗಾದರೆ ಹಿಂದಿನ ಚಕ್ರ ಜಾರಿ ನೆಲ ಕಾಣಿಸುತ್ತದೆ. ಮೊದಲ ವಾರ ಮನೆ ಸುತ್ತಮುತ್ತ ಓಡಿಸಿ ಕೈ ಪಳಗಿಸಿ, ಪೇಟೆಗೆ ಆಮೇಲೆ ಇಳಿಯಿರಿ.

ಚಕ್ರ ಚಿಕ್ಕದಾದ್ದರಿಂದ ಗುಂಡಿ ದೊಡ್ಡದಾಗಿಯೇ ಗೊತ್ತಾಗುತ್ತದೆ. ಅಂತರಸನಹಳ್ಳಿ ಮಾರ್ಕೆಟ್ಟಿಗೆ ಹೋಗುವವರು ಹೈವೇ ಲಾರಿಗಳ ಮಧ್ಯೆ ನುಗ್ಗದೆ ಸರ್ವಿಸ್ ರಸ್ತೆ ಹಿಡಿಯುವುದು ಕ್ಷೇಮ. ದೇವರಾಯನದುರ್ಗ ಹತ್ತಬಹುದು, ಇಳಿಯುವಾಗ ಹುಷಾರು. ತಗ್ಗಿಸಲು ಗೇರ್ ಇಲ್ಲ, ಇರುವುದು ಡ್ರಮ್ ಬ್ರೇಕು, ಹಿಡಿದೇ ಇಟ್ಟರೆ ಕಾದು ಹಿಡಿತ ಬಿಡುತ್ತವೆ. ಬಿಟ್ಟು ಬಿಟ್ಟು ಹಿಡಿಯಿರಿ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು. ಗಾಡಿ ಸಣ್ಣದು ಅಂತ ಎಸ್ಸೆಸ್ಸೆಲ್ಸಿ ಹುಡುಗನ ಕೈಗೆ ಕೀ ಕೊಟ್ಟರೆ ಅಪ್ಪ ಅಮ್ಮನಿಗೇ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು, ನೆನಪಿರಲಿ.

ಟ್ಯಾಂಕ್ 3.8 ಲೀಟರ್ ಮಾತ್ರ, ಶುರುವಿನ ಗಾಡಿಗಳಲ್ಲಿ ಪೆಟ್ರೋಲ್ ಮುಳ್ಳೂ ಇಲ್ಲ. ಬಂಕಿಗೆ ಹೋದಾಗಲೆಲ್ಲ ಕಿಲೋಮೀಟರ್ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ತಳ್ಳುವುದು ಗ್ಯಾರಂಟಿ. ಇದು ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿ. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ತೇವ ಹೀರುತ್ತದೆ, ತಿಂಗಳುಗಟ್ಟಲೆ ನಿಲ್ಲಿಸಿದರೆ ಕಾರ್ಬೊರೇಟರಿನಲ್ಲಿ ಅಂಟು ಕಟ್ಟಿಕೊಳ್ಳುತ್ತದೆ. ಕೆಲಸ ಇಲ್ಲದಿದ್ದರೂ ವಾರಕ್ಕೊಮ್ಮೆ ಅಮಾನಿಕೆರೆವರೆಗೆ ಒಂದು ಸುತ್ತು ಹೊಡೆದು ಬನ್ನಿ. ಊರಿಗೆ ಹೋಗಿ ತಿಂಗಳಾನುಗಟ್ಟಲೆ ಇರುವವರು ಮೆಕ್ಯಾನಿಕ್ ಹತ್ತಿರ ಕಾರ್ಬೊರೇಟರಿನ ತಳದ ಬಟ್ಟಲಿನಲ್ಲಿ ನಿಂತ ಪೆಟ್ರೋಲ್ ಇಳಿಸಿಯೇ ಗಾಡಿ ನಿಲ್ಲಿಸಿ.