ಮಳೆಗಾಲದ ಕರೆಂಟ್ ಬಿಲ್: ಗೀಸರ್ ಹತೋಟಿಗೆ ಬಂದದ್ದು ಹೀಗೆ

ತೀರ್ಥಹಳ್ಳಿ ಕಡೆ ಬಚ್ಚಲಲ್ಲಿ ಹಂಡೆಯಿದ್ದರೆ ಅಡಿಕೆ ಸಿಪ್ಪೆ ಉರಿಸಿದರಾಯ್ತು. ಶಿವಮೊಗ್ಗ ಪೇಟೆಯಲ್ಲಿ ಗೀಸರ್ರೇ ಗತಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು.

ಮೊದಲು ಉಳಿದದ್ದೆಲ್ಲ ಆಫ್ ಮಾಡಿ ಗೀಸರ್ ಮಾತ್ರ ಹಾಕಿದೆ. ಮೀಟರಿನ ಕೆಂಪು ದೀಪ ನಿಮಿಷಕ್ಕೆ ಸುಮಾರು 107 ಸಲ ಮಿನುಗಿತು. ಯೂನಿಟ್ಟಿಗೆ 3200 ಮಿನುಗಿನ ಮೀಟರಿನಲ್ಲಿ ಅದು 2000 ವ್ಯಾಟ್. ನೀರು ಕಾದರೂ ಮಿನುಗು ನಿಲ್ಲದಿದ್ದರೆ, ಕಾದ ಕೂಡಲೇ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಕೆಟ್ಟಿದೆ ಅಂತಲೇ ಲೆಕ್ಕ. ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಇಲ್ಲಿ ಅದು ಸರಿಯಿತ್ತು. 75 ಡಿಗ್ರಿಗಿಟ್ಟು ದಿನವಿಡೀ ಆನ್ ಬಿಟ್ಟದ್ದೇ ದಂಡ: ಟ್ಯಾಂಕ್ ತಣಿದಂತೆಲ್ಲ ಮತ್ತೆ ಕಾಯುತ್ತದೆ.

ಈಗ 55 ಡಿಗ್ರಿ, ಅದೂ ಸ್ನಾನಕ್ಕೆ ಮುಂಚೆ ಮಾತ್ರ ಆನ್. 15 ಲೀಟರ್ ತಣ್ಣೀರು ಕಾಯಲು 2000 ವ್ಯಾಟಿಗೆ ಇಪ್ಪತ್ತು ನಿಮಿಷ ಧಾರಾಳ. ಒಬ್ಬರ ಹಿಂದೊಬ್ಬರು ಮಿಂದರೆ ಇನ್ನೂ ಉಳಿತಾಯ. ಸ್ನಾನದ ಬಿಸಿಯಂತೂ ಕಡಿಮೆಯಾಗಿಲ್ಲ.